ದೋಷ ಹೇಳಿ ಮಾರುವ ಮಾಮ

ನನ್ನ ಮಾಮನ ಕೈಯಿಂದ ಒಂದು ಬೆಂಕಿಪೊಟ್ಟಣವನ್ನಾದರೂ ಕೊಂಡವರು ಈ ಮಂಗಳೂರಿನಲ್ಲಿದ್ದರೆ, ಅವರನ್ನು ನಾನೊಮ್ಮೆ ನೋಡಬೇಕು! ಮಾಮ ಎಂದರೆ ನನ್ನ ಉಮ್ಮನ ತಮ್ಮ. ಉಪ್ಪ ತೀರಿಕೊಂಡ ಮೇಲೆ ತಾಯಿ ಮಗಳಿಬ್ಬರೂ ಇವರ ಮನೆಯಲ್ಲೇ ಇದ್ದೇವೆ. ಕೊಡಿಯಾಲ್‌ಬೈಲಿನ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತರಾದವರು. ನಿವೃತ್ತಿಯಾದವರು ವಾಕಿಂಗ್ ಹಿಡಿಯುತ್ತಾರೆ, ಇಲ್ಲವೆ ಸಕ್ಕರೆ ಕಾಯಿಲೆ ಹಿಡಿಯುತ್ತಾರೆ. ಇವರು ಬಾಗ್ದಾದ್, ಕೈರೋಗಳ ಹಳೆಯ ಮುಸ್ಲಿಂ ವಿದ್ವಾಂಸರನ್ನು ಹಿಡಿದರು. ವ್ಯಾಪಾರ ಹೇಗಿರಬೇಕೆಂದು ಅವರೆಲ್ಲ ಬರೆದಿಟ್ಟದ್ದನ್ನು ನಮ್ಮ ಮನೆಯಲ್ಲಿ ಜಾರಿಗೆ ತರುವುದೇ ಈಗ ಮಾಮನ ಉದ್ಯೋಗ.

ಈರುಳ್ಳಿ ತುಟ್ಟಿಯಾದರೆ ನಾವೆಲ್ಲ ಸರಕಾರವನ್ನು ಬೈಯುತ್ತೇವೆ. ಮಾಮ ಪುಸ್ತಕ ತೆರೆಯುತ್ತಾರೆ. ಒಮ್ಮೆ ನನ್ನ ಮೊಬೈಲಿನಲ್ಲಿ ಚೂಡಿದಾರವೊಂದರ ಕೆಳಗೆ ‘ಇನ್ನು ಎರಡೇ ಉಳಿದಿವೆ, ಬೇಗ ಕೊಳ್ಳಿ’ ಎಂದಿತ್ತು. “ಸುಳ್ಳು! ಆ ಕಾಲದ ಪೇಟೆ ಅಧಿಕಾರಿ ಇದ್ದಿದ್ರೆ ಇವನನ್ನು ಹಿಡಿದು ಪೇಟೆಯಿಡೀ ಮೆರವಣಿಗೆ ಮಾಡಿಸ್ತಿದ್ದ,” ಎಂದರು. ತಿಂಗಳು ಕಳೆದು ನೋಡಿದೆ. ಆಗಲೂ ಎರಡೇ ಉಳಿದಿದ್ದವು!

ಮೀನಿನ ಕಥೆ ಕೇಳಿ. ಮಾಮಿಗೆ ಉಳ್ಳಾಲದ ದೋಣಿಯವರ ಪರಿಚಯ. ಮೀನು ಮಾರ್ಕೆಟ್ ಮುಟ್ಟುವ ಮೊದಲೇ ನಮ್ಮ ಮನೆಗೆ ಬಂಗುಡೆ ಬರುತ್ತಿತ್ತು. ಸರಕು ಪೇಟೆ ಸೇರುವ ಮೊದಲು ದಾರಿಯಲ್ಲೇ ಅಡ್ಡಹಾಕಿ ಕೊಳ್ಳಬಾರದು, ಪೇಟೆಯ ದರ ತಿಳಿಯದೆ ಮಾರುವವನಿಗೆ ನಷ್ಟವಾಗುತ್ತದೆ ಎಂದು ಮಾಮ ಓದಿದ್ದೇ ತಡ, ಬಂಗುಡೆ ನಿಂತಿತು.

“ಅದು ಒಂಟೆ ಮೇಲೆ ಬರುವವರಿಗೆ! ಉಳ್ಳಾಲದವರಿಗೆ ರೇಟ್ ಗೊತ್ತಿಲ್ವಾ? ಅವರು ನನಗೇ ಟೋಪಿ ಹಾಕ್ತಾರೆ,” ಎಂದು ಮಾಮಿ ಸಿಡುಕಿದರು.

“ಹಾಗಾದ್ರೆ ನಿನಗೂ ಒಳ್ಳೆಯದೇ ಆಯ್ತಲ್ಲ,” ಎಂದರು ಮಾಮ. ಆ ವಾರವಿಡೀ ತೊವ್ವೆ ಉಂಡೆವು.

ಇವೆಲ್ಲಕ್ಕಿಂತ ಅಪಾಯದ ನಿಯಮ ಇನ್ನೊಂದು ಉಂಟು: ಮಾರುವವನು ಸರಕಿನ ದೋಷವನ್ನು ತಾನಾಗಿಯೇ ಹೇಳಬೇಕು. ಮಾಮ ಮಾರಲಿಟ್ಟ ಹಳೆಯ ಸ್ಕೂಟರ್ ನೋಡಲು ಬೈಕಂಪಾಡಿಯಿಂದ ಒಬ್ಬರು ಬಂದರು. ಮಾಮ ಅವರನ್ನು ಕೂರಿಸಿ ಪಾಠ ಶುರು ಮಾಡಿದರು. ಏರಿನಲ್ಲಿ ಕೆಮ್ಮುತ್ತದೆ, ಇಳಿಜಾರಿನಲ್ಲಿ ಬ್ರೇಕ್ ಕೇಳುವುದಿಲ್ಲ, ಹಾರ್ನ್ ತನಗೆ ಮನಸ್ಸು ಬಂದಾಗ ಹೊಡೆದುಕೊಳ್ಳುತ್ತದೆ...

“ಸರ್, ನಿಮಗೆ ಇದನ್ನು ಮಾರ್ಲಿಕ್ಕೆ ಉಂಟಾ, ಇಲ್ವಾ?”

“ಮಾರ್ಲಿಕ್ಕೆ ಉಂಟು. ಮೋಸ ಮಾಡ್ಲಿಕ್ಕೆ ಇಲ್ಲ.”

ಆ ಮನುಷ್ಯ ಎದ್ದು ನಿಂತು, “ಸ್ಕೂಟರ್ ಬೇಡ. ನಿಮ್ಮ ನಂಬರ್ ಕೊಡಿ, ಬೇರೆ ಕಡೆ ನೋಡ್ಲಿಕ್ಕೆ ಹೋಗುವಾಗ ನಿಮ್ಮನ್ನೇ ಕರ್ಕೊಂಡು ಹೋಗ್ತೇನೆ,” ಎಂದರು!

ಸ್ಕೂಟರಾದರೆ ಗೇಟಿನ ಬಳಿ ಬಿದ್ದಿರಲಿ. ನನ್ನ ಮದುವೆಗೂ ಈ ನಿಯಮ ಹಚ್ಚಿದರೆ? ಚಿಕ್ಕಂದಿನ ಜ್ವರದಲ್ಲಿ ನನ್ನ ಎಡಗಿವಿ ಪೂರ್ತಿ ಹೋಗಿದೆ. ಮೊದಲ ಸಂಬಂಧದವರು ಬಂದು ಕೂತು ಸಮೋಸಕ್ಕೆ ಕೈ ಹಾಕುವ ಮೊದಲೇ ಮಾಮ ಅದನ್ನು ಹೇಳಿಬಿಟ್ಟರು. ಅವರು ಸಮೋಸ ಮುಗಿಸಿ ಹೋದವರು, ಮತ್ತೆ ಒಂದು ಫೋನೂ ಇಲ್ಲ.

“ನನ್ನ ಮಗಳೆಂತ ನಿನ್ನ ಸ್ಕೂಟರಾ?” ಎಂದು ಉಮ್ಮ ಅತ್ತರು.

ಮೊನ್ನೆ ಬಂದ ಎರಡನೆಯ ಹುಡುಗ ನನಗೆ ಇಷ್ಟವಾಗಿದ್ದ. ತುಂಬಾ ಇಷ್ಟವಾಗಿದ್ದ, ಸುಳ್ಳೇಕೆ? ಅವರು ಬರುವ ಮೊದಲು ಅವನೊಡನೆ ಫೋನಿನಲ್ಲಿ ಮಾತಾಡುವಾಗ ಕಿವಿಯ ವಿಷಯ ಹೇಳುತ್ತೇನೆಂದರೆ ಉಮ್ಮ ಬಿಟ್ಟಿರಲಿಲ್ಲ. ಅವರ ಕಡೆಯವರೆಲ್ಲ ನನ್ನ ಬಲಕ್ಕೇ ಬರುವಂತೆ ಕುರ್ಚಿಗಳನ್ನು ಇಟ್ಟು, ಮಾಮನ ಕೈಗೆ ಸಮೋಸದ ತಟ್ಟೆ ಕೊಟ್ಟು, “ಮಾರಾಯ, ಇವತ್ತು ನಿನ್ನ ಬಾಯಿಗೆ ಇಷ್ಟೇ ಕೆಲಸ,” ಎಂದಿದ್ದರು.

ಮಾಮ ತಟ್ಟೆಯನ್ನು ಕೆಳಗಿಟ್ಟರು. ಉಮ್ಮ ಕಣ್ಣು ಮುಚ್ಚಿಕೊಂಡರು.

“ಇವಳಿಗೆ ಎಡಗಿವಿ ಕೇಳುವುದಿಲ್ಲ,” ಎಂದು ಮಾಮ ಹುಡುಗನಿಗೇ ಹೇಳಿದರು. “ಹೇಳುವುದು ಯಾಕೆಂದ್ರೆ, ನೀವು ಯಾವಾಗ್ಲೂ ಇವಳ ಬಲಗಡೆಯೇ ನಡೀಬೇಕು. ಎಡಗಡೆ ನಿಂತು ಮಾತಾಡಿದ್ರೆ ಪಾಪ, ಇವಳು ಸುಮ್ಮನೆ ನಗ್ತಾಳೆ. ಕೇಳ್ಲಿಲ್ಲ ಅಂತ ಹೇಳ್ಲಿಕ್ಕೆ ಇವಳಿಗೆ ನಾಚಿಕೆ. ಶಾಲೆಗೆ ಬಿಡ್ಲಿಕ್ಕೆ ಹೋಗುವ ಕಾಲದಿಂದ ನಾನು ಬಲಗಡೆಯೇ ನಡೆದದ್ದು.”

ಇಷ್ಟು ವರ್ಷ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ನನ್ನ ಕಣ್ಣು ತುಂಬಿತು. ಹುಡುಗ, “ಆಯ್ತು, ನೆನಪಿಡ್ತೇನೆ,” ಎಂದ.

ಅವರು ಹೊರಟಾಗ ಎಲ್ಲರೂ ಗೇಟಿನ ತನಕ ಹೋದೆವು. ಅಭ್ಯಾಸದಂತೆ ಮಾಮ ನನ್ನ ಬಲಕ್ಕೆ ಬಂದರು. ಆಮೇಲೆ ಹುಡುಗನನ್ನು ನೋಡಿ, ಜಾಗ ಬಿಟ್ಟು, ಮೆಲ್ಲನೆ ಹಿಂದೆ ಸರಿದರು.