ಹೊಗೆರಹಿತ ಲಾಂಡ್ರಿಯ ಹೊಗೆ

ಹೊಗೆ ಕಡಿಮೆಯಾಗಬೇಕಾದರೆ ಮೊದಲು ಹೊಗೆ ಇರತಕ್ಕದ್ದು. ಇದು ಹಸಿರು ಸಾಲ ಕೊಡುವ ಸಂಸ್ಥೆಯ ನಿಲುವು. ಅವರೇ ಮರೆತಿದ್ದ ಈ ನಿಲುವನ್ನು ಅವರಿಗೆ ನೆನಪಿಸಿದ ಕೀರ್ತಿ ನನ್ನದು.

ನನ್ನದೊಂದು ಲಾಂಡ್ರಿ. ಒಂದು ಬಕೆಟ್ಟು, ಒಂದು ಒಗೆಯುವ ಕಲ್ಲಿನಿಂದ ಶುರು ಮಾಡಿದೆ. ಈಗ ಆಸ್ಪತ್ರೆಗಳ ಹಾಸುಬಟ್ಟೆಯೆಲ್ಲ ನಮ್ಮಲ್ಲಿಗೇ ಬರುತ್ತದೆ. ಶಾಲೆ ಕಂಡವಳಲ್ಲ. ಇಸ್ತ್ರಿ ಬಟ್ಟೆ ಸುತ್ತಿಕೊಡುವ ಹಳೇ ಪೇಪರು ನೋಡಿ ನೋಡಿಯೇ ಓದು ಕಲಿತೆ. ಹಾಗಾಗಿ ಅಚ್ಚಾದದ್ದನ್ನೆಲ್ಲ ನಂಬುತ್ತೇನೆ.

ನಮ್ಮಲ್ಲಿ ನೀರು ಕಾಯುವುದು ಸೌದೆ ಬಾಯ್ಲರಿನಲ್ಲಿ. ಅದರ ಹೊಗೆ ಕೊಳವೆ ಸರಿಯಾಗಿ ಮಹಡಿ ಕೋಣೆಯ ಕಿಟಕಿಗೇ ಬಾಯಿ ಇಟ್ಟಿದೆ. ಆ ಕೋಣೆಯಲ್ಲಿರುವವಳು ನನ್ನ ಅಕ್ಕ. ಅವಳ ಕೆಮ್ಮು ಕೇಳಿದ ಡಾಕ್ಟರು, "ಮೊದಲು ಹೊಗೆ ನಿಲ್ಲಿಸಿ, ಇಲ್ಲಾಂದ್ರೆ ಇವರ ಶ್ವಾಸಕೋಶ ಕೈಕೊಡುತ್ತೆ" ಎಂದರು. ಬಾಯ್ಲರಿನ ಬದಲು ಸೋಲಾರ್ ಹಾಕಿಸಲು ಹಸಿರು ಸಾಲಕ್ಕೆ ಅರ್ಜಿ ಕೊಟ್ಟೆ.

ಪರಿಸರ ಮತ್ತು ಸಾಮಾಜಿಕ ಅಪಾಯ ನಿರ್ವಹಣಾಧಿಕಾರಿ ಬಂದರು. ಅಷ್ಟುದ್ದ ಕರೆಯಲು ಉಸಿರು ಸಾಲದೆ ಅಕ್ಕ ಅವರನ್ನು ಅಪಾಯದ ಸಾಹೇಬರು ಎನ್ನುತ್ತಿದ್ದಳು. ಅವರು ತಾರಸಿ ಹತ್ತಿ ಇಳಿದು ಬೆವರು ಒರೆಸಿಕೊಂಡರು.

"ಬಿಸಿಲಲ್ಲಿ ನೀರು ಕಾಯ್ಸೋಕೆ ಏನ್ ಅಪಾಯ ಮೇಡಂ? ಯಾರಿಗೂ ಬಾಧೆ ಇಲ್ಲ ಅಂತ ಬರೆದ್ಬಿಡ್ತೀನಿ. ಬರೋ ವಾರ ಬಾಯ್ಲರ್ ಆರಿಸಿ."

"ಬಾಧೆ ಇಲ್ಲ ಅಂದ್ರೆ? ನಮ್ಮಕ್ಕ ಇದ್ದಾಳಲ್ಲ! ನಿಮ್ಮ ಸಾಲದ ನಿಯಮದ ಏಳನೇ ಅನುಬಂಧ ಓದಿಲ್ವಾ ನೀವು?"

"ಅದನ್ನ ಯಾರೂ ಓದಲ್ಲ ಮೇಡಂ."

"ನಾನು ಓದಿದೀನಿ."

ಆ ಮಾತು ಹೇಳುವಾಗ ನನ್ನ ಮೂಗು ಎಷ್ಟು ಮೇಲಿತ್ತೆಂದು ಅಕ್ಕ ಈಗಲೂ ಅಣಕಿಸಿ ತೋರಿಸುತ್ತಾಳೆ.

ಅನುಬಂಧದಂತೆ ಅಕ್ಕನನ್ನು 'ಬಾಧಿತ ವ್ಯಕ್ತಿ' ಎಂದು ಘೋಷಿಸಲಾಯಿತು. ಬಾಧಿತರಿದ್ದ ಮೇಲೆ ಬಾಧೆ ಎಷ್ಟು ತಗ್ಗಿತೆಂದು ತೋರಿಸಬೇಕು. ತೋರಿಸಲು ಮೊದಲು ಅಳೆಯಬೇಕು. ಅಳೆದು ಮುಗಿಯುವವರೆಗೆ ಬಾಧೆ ಇದ್ದಂತೆಯೇ ಇರತಕ್ಕದ್ದು. ಅಳೆಯುವ ಯಂತ್ರದ ಖರೀದಿ ಪರಿಶೀಲನೆಯಲ್ಲಿತ್ತು. ಸೋಲಾರ್ ಹಲಗೆಗಳು ಬಂದು ತಾರಸಿಯ ಮೇಲೆ ಟಾರ್ಪಾಲು ಹೊದ್ದು ಕೂತವು.

ಅಕ್ಕನ ಮಂಚವನ್ನಾದರೂ ಹಿಂದಿನ ಕೋಣೆಗೆ ಸಾಗಿಸೋಣವೆಂದು ಒಂದು ಕಡೆ ಎತ್ತಿದ್ದೆ. ಸಾಹೇಬರು ತಡೆದರು. ಬಾಧಿತರನ್ನು ಕದಲಿಸುವುದೆಂದರೆ ಒಕ್ಕಲೆಬ್ಬಿಸಿದಂತೆ. ಅದಕ್ಕೆ ಪುನರ್ವಸತಿ ಯೋಜನೆ ಆಗಬೇಕು.

"ಏನೇ ಇದು, ನನ್ನ ಮಂಚ ಎತ್ತೋಕೂ ಮಂಜೂರಾತಿ ಬೇಕಾ?"

"ಒಂಬತ್ತನೇ ಕಲಮು ಕಣಕ್ಕ" ಎಂದು ಮಂಚ ಕೆಳಗಿಟ್ಟೆ.

ಒಂದು ದಿನ ಬಟ್ಟೆ ಬರಲಿಲ್ಲ, ಬಾಯ್ಲರು ಹಚ್ಚಲಿಲ್ಲ. ಅಕ್ಕ ಮಧ್ಯಾಹ್ನ ಕಣ್ಣುಮುಚ್ಚಿ ನಿದ್ದೆ ಮಾಡಿದಳು. ಮರುದಿನ ಬಾಗಿಲ ಮೇಲೆ ಸಂಸ್ಥೆಯ ಪ್ರಕಟಣೆ: "ಪೂರ್ವಾನುಮತಿಯಿಲ್ಲದೆ ಗಾಳಿಯನ್ನು ಸುಧಾರಿಸಿರುವುದು ಗಮನಕ್ಕೆ ಬಂದಿದೆ. ಪುನರಾವರ್ತನೆಯಾದಲ್ಲಿ ಸಾಲ ರದ್ದು." ಅವರ ಗಮನಕ್ಕೆ ಹೇಗೆ ಬಂತೆಂದರೆ, ಮೂರನೇ ಅನುಬಂಧದಂತೆ ನಾನೇ ತಿಳಿಸಿದ್ದೆ. ಅಂದಿನಿಂದ ಬಟ್ಟೆಯಿಲ್ಲದ ದಿನವೂ ಬರೀ ನೀರು ಕುದಿಸುತ್ತೇವೆ.

ಕೊನೆಗೆ ಸಾಹೇಬರಿಗೇ ಪಾಪ ಅನ್ನಿಸಿ ಸಮಾಲೋಚನಾ ಸಭೆ ಕರೆದರು. ಬಾಧಿತಳು ಅಕ್ಕ ಒಬ್ಬಳೇ. ಸಂಸ್ಥೆಯ ವೀಕ್ಷಕರು ಮಾತ್ರ ಬೆಂಚು ತುಂಬ. ಸಾಹೇಬರು ಅಕ್ಕನ ಕಿವಿಯ ಹತ್ತಿರ ಬಗ್ಗಿದರು.

"ಅಮ್ಮಾ, ಹೊಗೆಯಿಂದ ನನಗೇನೂ ತೊಂದರೆ ಇಲ್ಲ ಅಂತ ಒಂದು ಸಹಿ ಹಾಕ್ಬಿಡಿ. ನೀವು ಬಾಧಿತರಲ್ಲ ಅಂತಾಗುತ್ತೆ, ಅಳೆಯೋದೇ ಬೇಡ. ಇವತ್ತೇ ಬಾಯ್ಲರ್ ಆರಿಸಬಹುದು."

ಅಕ್ಕ ಪೆನ್ನು ತೆಗೆದುಕೊಂಡಳು. ನಾನು ಕಿತ್ತುಕೊಂಡೆ.

"ಸುಳ್ಳಿಗೆ ಸಹಿ ಹಾಕೋ ವಂಶ ಅಲ್ಲ ನಮ್ದು!"

"ವಂಶ ಉಳೀಬೇಕಲ್ಲೇ, ಮಹಾತಾಯಿ!"

"ತೊಂದರೆ ಇದೆ ಅಂತ ಓದಿ ಹೇಳಿದವಳು ನಾನು. ಈಗ ಇಲ್ಲ ಅಂದ್ರೆ, ನಾನು ಓದಿದ್ದೇ ತಪ್ಪು ಅಂತಾಗಲ್ವಾ?"

ಅಕ್ಕನಿಗೆ ಉತ್ತರಿಸಲು ಕೆಮ್ಮು ಬಿಡಲಿಲ್ಲ. ಹಿರಿಯ ವೀಕ್ಷಕರೊಬ್ಬರು ಎದ್ದು, ನಿಯಮವನ್ನು ಇಷ್ಟು ಶ್ರದ್ಧೆಯಿಂದ ಪಾಲಿಸುವ ಸಾಲಗಾರರನ್ನು ಸಂಸ್ಥೆ ಕಂಡಿಲ್ಲವೆಂದೂ, ನಮ್ಮದು ಇನ್ನು ಮುಂದೆ ಮಾದರಿ ಹೊಗೆರಹಿತ ಲಾಂಡ್ರಿಯೆಂದೂ, ಯಂತ್ರ ಬರುವವರೆಗೆ ಬಾಯ್ಲರು ಉರಿಯತಕ್ಕದ್ದೆಂದೂ ಸಾರಿದರು. ಒಪ್ಪಿಗೆಯಿದ್ದವರು ಚಪ್ಪಾಳೆ ತಟ್ಟಬೇಕು ಎಂದರು.

ಎಲ್ಲರೂ ತಟ್ಟಿದರು, ಎಲ್ಲರಿಗಿಂತ ಜೋರಾಗಿ ನಾನು. ಅಕ್ಕನ ಒಂದು ಕೈ ಬಾಯಿಗೆ ಅಡ್ಡವಿತ್ತು. ಇನ್ನೊಂದರಿಂದ ಅವಳು ನನ್ನ ತಲೆಯ ಮೇಲೆ ತಟ್ಟಿದಳು. ಅದನ್ನೂ ಒಪ್ಪಿಗೆಯೆಂದೇ ಪರಿಗಣಿಸಲಾಯಿತು.