ನಾಗಲಿಂಗನ ಗಾದಿ ಮತ್ತು ಬಿಳಿ ಡಬ್ಬಿ

ಇಳಕಲ್ಲಿನ ಸೀರೆ ವ್ಯಾಪಾರಿ ನಾಗಲಿಂಗನಿಗೆ ಹೊಗಳಿಕೆ ಕೇಳಿದರೆ ಎದೆ ಧಸಕ್ಕೆನ್ನುತ್ತಿತ್ತು. ಅಂಗಡಿಗೆ ಬಂದ ಹೆಂಗಸು ಸೆರಗನ್ನು ಮುಟ್ಟಿ ನೋಡಿ, "ಭಾಳ ಚಂದ ಐತ್ರಿ, ನೇಯ್ದಾವರ ಕೈಗೆ ಬಂಗಾರದ ಕಡಗ ಹಾಕಬೇಕು" ಅಂದಳೋ, ಅವನು ಆ ಸೀರೆಯನ್ನು ಆಗಲೇ ಮಡಿಚಿ ಕಪಾಟಿಗೆ ಇಡಲು ಶುರು ಮಾಡುತ್ತಿದ್ದ. ಆಕೆ ಇನ್ನೇನು "ಮತ್ತ ಬರ್ತೀವ್ರಿ" ಎಂದು ಎದ್ದು ಹೋಗುವವಳೇ. ಅದೇ ಇನ್ನೊಬ್ಬಳು, "ಏನ್ರಿ ಇದು, ಸೆರಗು ಚಾಪಿ ಇದ್ದಂಗ ಐತಿ! ಈ ಬಣ್ಣ ಒಂದ ನೀರಿಗಾದ್ರೂ ನಿಂದರತೈತೇನು?" ಎಂದು ಮುಖ ಸಿಂಡರಿಸಿದರೆ ಆಕೆಗೆ ಚಹಾ ತರಿಸುತ್ತಿದ್ದ. ಬೈದವಳು ಒಯ್ಯುತ್ತಾಳೆ, ಹೊಗಳಿದವಳು ಹೋಗುತ್ತಾಳೆ. ಅಂಗಡಿಯ ಗಾದಿಯ ಮೇಲೆ ಇಪ್ಪತ್ತು ವರ್ಷ ತಪಸ್ಸು ಮಾಡಿ ನಾಗಲಿಂಗ ಕಂಡುಕೊಂಡ ಪರಮಸತ್ಯ ಇದು.

ಈ ಸತ್ಯ ಅಂಗಡಿಗೆ ಮಾತ್ರವಲ್ಲ, ಸಂಸಾರಕ್ಕೂ ಸಲ್ಲುತ್ತದೆ ಎಂಬುದು ಅವನ ದೃಢವಾದ ನಂಬಿಕೆ. ಹೆಂಡತಿ ಶೈಲಾ ಅವನು ಹಲ್ಲುಜ್ಜುವುದಕ್ಕೆ ಬೈಯುತ್ತಿದ್ದಳು, ಚಹಾ ಸುರ್ ಎಂದು ಕುಡಿಯುವುದಕ್ಕೆ ಬೈಯುತ್ತಿದ್ದಳು, ಗೊರಕೆಗಂತೂ ಬೇರೆಯೇ ಬೈಗುಳ ಇಟ್ಟಿದ್ದಳು. ನಾಗಲಿಂಗ ಅದನ್ನೆಲ್ಲ ಕೇಳುತ್ತಾ ರೊಟ್ಟಿ ಮುರಿದು ಶೇಂಗಾ ಚಟ್ನಿ ಹಚ್ಚಿಕೊಂಡು ನೆಮ್ಮದಿಯಿಂದ ತಿನ್ನುತ್ತಿದ್ದ. ಬೈಯುತ್ತಾಳೆ ಅಂದರೆ ಮಾಲು ಆಕೆಗೆ ಇನ್ನೂ ಬೇಕಾಗಿದೆ ಎಂದೇ ಅರ್ಥ. (ಇದನ್ನು ಒಮ್ಮೆ ಆಕೆಗೇ ವಿವರಿಸಿ, ಅದಕ್ಕೂ ಬೈಸಿಕೊಂಡು, ಇನ್ನಷ್ಟು ಖುಷಿಪಟ್ಟಿದ್ದ.)

ಶೈಲಾಳ ದೊಡ್ಡ ತಕರಾರು ಮಾತ್ರ ಆ ಗಾದಿಯ ಮೇಲೇ ಇತ್ತು. ಆಕೆ ನೇಕಾರರ ಮನೆಯ ಮಗಳು. ಯಾವ ದಡಿಗೆ ಯಾವ ಬಣ್ಣ ಒಪ್ಪುತ್ತದೆ ಎಂದು ನೇಕಾರರಿಗೆ ಹೇಳಿ ಖರೀದಿ ಮಾಡುವ ಕೆಲಸ ತನಗೆ ಬಿಡಿ ಎಂದು ಮದುವೆಯಾದ ಲಾಗಾಯ್ತು ಕೇಳುತ್ತಿದ್ದಳು. ನಾಗಲಿಂಗ ಬಿಟ್ಟುಕೊಟ್ಟಿರಲಿಲ್ಲ. ಸಂಸಾರದಲ್ಲಿ ಅವನ ಮಾತು ನಡೆಯುವ ಜಾಗ ಅದೊಂದೇ. ಅದೂ ಹೋದರೆ ಅವನ ಹತ್ತಿರ ಉಳಿಯುವುದೇನು, ಗೊರಕೆ ಮಾತ್ರ.

ಹೀಗಿರುವಾಗ ಒಂದು ಮಧ್ಯಾಹ್ನ ಶೈಲಾಳ ತಮ್ಮ ಬಸು ಮುಖ ಬಾಡಿಸಿಕೊಂಡು ಅಂಗಡಿಗೆ ಬಂದ. ಬಾಗಲಕೋಟೆಯ ನವನಗರದಲ್ಲಿ ಅವನದು ವಿಡಿಯೋ ಗೇಮಿನ ಅಂಗಡಿ, ಹೊಸದು.

"ಮಾಮಾರ, ಬರೋ ಶುಕ್ರವಾರ ಎರಡು ಆಟ ಒಮ್ಮೆಲೇ ಬರಾಕ ಹತ್ಯಾವ್ರಿ. ಎರಡೂ ಗುಂಡು ಹೊಡಿಯೋವು. 'ಕೋಬ್ರಾ ಬಂಕರ್' ಅನ್ನೋದು ಕರಿ ಡಬ್ಬಿಗೆ, 'ಮೂನ್ ಪ್ಲಟೂನ್' ಅನ್ನೋದು ಬಿಳಿ ಡಬ್ಬಿಗೆ. ಹುಬ್ಬಳ್ಳಿ ಹೋಲ್‌ಸೇಲಿನಾವ್ರು ಎರಡರಾಗ ಒಂದ ತಗೋ, ಪೂರಾ ತಗೋ, ವಾಪಸ್ ತಗೊಳ್ಳಂಗಿಲ್ಲ ಅಂದಾರ. ಯಾವುದು ಹೆಚ್ಚು ಮಾರತೈತಿ ಗೊತ್ತಾಗವಲ್ದು. ನಿದ್ದಿ ಇಲ್ರಿ."

ಡಬ್ಬಿ ಅಂದರೆ ಟಿವಿಗೆ ಜೋಡಿಸಿ ಆಡುವ ಯಂತ್ರ. ಒಂದು ಕಂಪನಿಯದು ಕಪ್ಪು, ಅದರ ಎದುರಾಳಿಯದು ಬಿಳುಪು. ನಾಗಲಿಂಗ ಇವೆರಡನ್ನೂ ಜನ್ಮದಲ್ಲಿ ಕಂಡವನಲ್ಲ. ಆದರೂ ಗಾದಿಯ ಮೇಲೆ ಕಾಲು ಮಡಿಚಿ, ರಾಜಗುರುವಿನ ಗತ್ತಿನಲ್ಲಿ ಲೋಡುದಿಂಬಿಗೆ ಒರಗಿದ.

"ಇಷ್ಟಕ್ಕ ನಿದ್ದಿ ಕೆಡಿಸ್ಕೊಂಡಿಯೇನಲೇ?"

"ಹಂಗಲ್ಲ ಮಾಮಾರ, ಕರಿ ಡಬ್ಬಿ ಸೀಡಿ ಬಿಳಿ ಡಬ್ಬ್ಯಾಗ ಓಡಂಗಿಲ್ರಿ, ಅದಕ್ಕ..."

"ಓಡತೈತೋ ಕುಂಟತೈತೋ, ಅದು ಕೊಂಡಾವರ ಚಿಂತಿ. ವ್ಯಾಪಾರದಾಗ ಮಾಲು ನೋಡಬಾರದು, ಗಿರಾಕಿ ಬಾಯಿ ನೋಡಬೇಕು. ನಾಳೆ ಬರ್ತೇನಿ ನಡಿ."

ತಮ್ಮನಿಗೆ ನೀರು ತಂದ ಶೈಲಾ ಅಲ್ಲೇ ನಿಂತಳು. "ಟಿವಿ ರಿಮೋಟ್ ಯಾವ ಕಡೆ ಹಿಡೀಬೇಕು ಗೊತ್ತಿಲ್ಲ, ಡಬ್ಬಿ ಭವಿಷ್ಯ ಹೇಳಾಕ ಹೊಂಟ್ರಿ! ಆ ಹುಡುಗನ ಅಂಗಡಿ ಮುಳುಗಿಸ್ತೀರಿ."

"ನನ್ನ ಲೆಕ್ಕ ತಪ್ಪಿದ್ದು ಎಂದರೆ ನೋಡೀಯೇನು?"

"ತಪ್ಪಿದ್ರ?"

"ತಪ್ಪಿದ್ರ ಗಾದಿ ನಿಂದು! ಖರೀದಿನೂ ನಿಂದು! ನಾ ಮೂಲ್ಯಾಗ ಸೀರಿ ಮಡಚ್ಕೋಂತ ಕೂಡ್ತೇನಿ!"

ಶೈಲಾಳ ಕಣ್ಣು ಒಮ್ಮೆ ಮಿನುಗಿತು. "ಬಸು, ಕೇಳಿದ್ಯಲ್ಲ? ನೀನ ಸಾಕ್ಷಿ" ಅಂದಳು.

ಮರುದಿನ ನಾಗಲಿಂಗ ಹುನಗುಂದದ ಮೇಲೆ ಹೋಗುವ ಬಸ್ಸು ಹಿಡಿದು, ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು, ಬಾಗಲಕೋಟೆಗೆ ಬಂದು ಬಸುವಿನ ಅಂಗಡಿಯಲ್ಲಿ ಕಿವಿ ನಿಗುರಿಸಿ ಕುಳಿತ. ಗೋಡೆಯ ಮೇಲೆ ಎರಡೂ ಆಟಗಳ ಚಿತ್ರ ಅಕ್ಕಪಕ್ಕ ಅಂಟಿಸಿತ್ತು. ಒಂದರಲ್ಲಿ ಹಾವಿನ ಹಚ್ಚೆಯ ಸಿಪಾಯಿ, ಇನ್ನೊಂದರಲ್ಲಿ ಚಂದ್ರನ ಮೇಲೆ ಬಂದೂಕು ಹಿಡಿದ ಒಂದು ಪಟಾಲಂ. ಕಾಲೇಜಿನವರು ಗುಂಪುಗುಂಪಾಗಿ ಬಂದರು. ಹಾವಿನವನನ್ನು ಕಂಡು, "ಏನ್ ಚಂದ ಮಾಡ್ಯಾರಲೇ!" ಎಂದರು. ನಾಗಲಿಂಗ ಮನಸ್ಸಿನಲ್ಲೇ ಹಾವಿನವನನ್ನು ಮಡಿಚಿ ಕಪಾಟಿಗಿಟ್ಟ. ಆಮೇಲೆ ಅವರ ಕಣ್ಣು ಚಂದ್ರನ ಕಡೆ ತಿರುಗಿತು.

"ಥೂ, ಬಂಡಲ್ ಲೇ ಇದು! ಚಂದ್ರನ ಮ್ಯಾಲ ಹೆಂಗ ಓಡತಾರ ನೋಡು, ನಮ್ಮಜ್ಜಿ ಮದವಿ ಊಟಕ್ಕ ಹೊಂಟಂಗ!"

"ಪುಕ್ಕಟ ಕೊಟ್ರೂ ಒಯ್ಯಂಗಿಲ್ಲ!"

ನಾಗಲಿಂಗನ ರೋಮಗಳು ನಿಮಿರಿದವು. 'ಪುಕ್ಕಟ ಕೊಟ್ಟರೂ ಒಯ್ಯಂಗಿಲ್ಲ' ಅಂದವಳು ಒಂದಲ್ಲ, ಜೋಡಿ ಸೀರೆ ಒಯ್ಯುವುದನ್ನು ಅವನು ಕಂಡಿದ್ದ. ಸಂಜೆ ಸಿಮೆಂಟು ವ್ಯಾಪಾರಿ ಹೊಳಬಸಪ್ಪನವರು ಬಂದರು. ಐವತ್ತರ ಗೃಹಸ್ಥರು, ಮಕ್ಕಳ ಹೆಸರು ಹೇಳಿ ತಾವೇ ಆಡುವವರು. ಅವರಂತೂ ಕೈಚೀಲ ಕೆಳಗಿಟ್ಟು ಸಾವಕಾಶವಾಗಿ ಚಂದ್ರನ ಪಟಾಲಮಿನ ವಂಶವನ್ನೇ ಜಾಲಾಡಿದರು.

"ಮಾಮಾರ," ಬಸು ಕಿವಿಯಲ್ಲಿ ಪಿಸುಗುಟ್ಟಿದ, "ಇವರೆಲ್ಲಾ ಖರೆ ಅಂದ್ರ..."

"ಬಾಯಿ ಮುಚ್ಚಲೇ. ಬೈಗುಳದ ಸುಗ್ಗಿ ನಡದೈತಿ, ಕೇಳಾಕ ಬಿಡು."

ಕೊನೆಗೆ ಎದ್ದು ನಿಂತು ಭವಿಷ್ಯ ನುಡಿದ: "ಬಿಳಿ ಡಬ್ಬಿ! ಬಾಗಲಕೋಟಿ ಅಷ್ಟ ಅಲ್ಲ, ಇಡೀ ಜಗತ್ತಿನಾಗ ಬಿಳಿ ಡಬ್ಬಿ ಆಟನ ಮುಂದ ಹೋಗತೈತಿ. ಹಚ್ಚು ಹುಬ್ಬಳ್ಳಿಗೆ ಫೋನು!"

ಅಕ್ಕನ ಗಂಡನ ಮಾತು ಮೀರುವುದು ಹೇಗೆ? ಬಸು ಫೋನು ಹಚ್ಚಿದ.

ಶುಕ್ರವಾರ ನಾಗಲಿಂಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಶೈಲಾಳನ್ನೂ ಕರೆದುಕೊಂಡು ಬಂದ. ತನ್ನ ಗೆಲುವನ್ನು ಆಕೆ ಕಣ್ಣಾರೆ ಕಾಣಲಿ ಎಂಬ ಆಸೆ. ಬೀದಿಯಲ್ಲಿ ಉದ್ದನೆಯ ಸಾಲು ಕಂಡು ಅವನ ಎದೆ ಉಬ್ಬಿತು. ಹತ್ತಿರ ಹೋಗಿ ನೋಡಿದರೆ ಸಾಲಿನ ಮುಖ ಎದುರಿನ ಖಾದರಬಾಷಾನ ಗೇಮಿನ ಅಂಗಡಿಯ ಕಡೆಗಿತ್ತು. ಅಲ್ಲಿ ಹಾವಿನವನು ಬಿಸಿ ಮಿರ್ಚಿ ಭಜಿಯಂತೆ ಖರ್ಚಾಗುತ್ತಿದ್ದ. ಬಸುವಿನ ಅಂಗಡಿಯಲ್ಲಿ ಚಂದ್ರನ ಪಟಾಲಂ ಗೋಡೆಯೆತ್ತರಕ್ಕೆ ಒಟ್ಟಿಕೊಂಡು ಶಾಂತವಾಗಿ ಕುಳಿತಿತ್ತು.

ಅಷ್ಟರಲ್ಲಿ ಹೊಳಬಸಪ್ಪನವರು ಒಳಗೆ ಬಂದರು. ನಾಗಲಿಂಗ ಓಡಿ ಹೋಗಿ ಕುರ್ಚಿ ಹಾಕಿದ, ಚಹಾ ಹೇಳಿದ, ಒಂದು ಪ್ಯಾಕೆಟ್ಟನ್ನು ಸೀರೆಯಂತೆ ಅವರ ತೊಡೆಯ ಮೇಲೆ ಹರವಿದ.

"ಬೈರಿ ಸಾವ್ಕಾರ್ರ, ಮನಸ್ಸು ಬಿಚ್ಚಿ ಬೈರಿ!"

"ಬೈಯಾಕ ಬಂದಿಲ್ರಿ. ಎದುರಿಗೆ ಗದ್ದಲ ಭಾಳ ಐತಿ. ಕೋಬ್ರಾ ಐತೇನು ನಿಮ್ಮ ಹಂತ್ಯಾಕ?"

"ಮತ್ತ ಮೊನ್ನೆ ಇದನ್ನ ಅಷ್ಟು ಬೈದ್ರಲ್ಲ?"

"ಬೈಯದ ಮತ್ತೇನ್ರಿ? ನಮ್ಮನ್ಯಾಗಿರೋದು ಕರಿ ಡಬ್ಬಿ. ಬಿಳಿ ಡಬ್ಬಿ ಆಟ ಕಂಡ್ರ ಬೈಯೋದ! ಎದುರು ಊರಿನ ಕಬಡ್ಡಿ ಟೀಮಿಗೆ ಯಾರರ ಚಪ್ಪಾಳಿ ಹೊಡಿತಾರೇನು?"

ನಾಗಲಿಂಗ ಅವರ ತೊಡೆಯ ಮೇಲಿನ ಪ್ಯಾಕೆಟ್ಟನ್ನು ಮೆಲ್ಲಗೆ ವಾಪಸ್ ಎತ್ತಿಕೊಂಡ. "ಬಿಳಿ ಡಬ್ಬಿ ಯಾರ ಮನ್ಯಾಗ ಐತ್ರಿ ಹಂಗಾರ?"

"ಇಡೀ ನವನಗರದಾಗ ಒಬ್ಬ ಇಂಜಿನಿಯರ್ ಸಾಹೇಬ್ರು ಇದ್ರು. ಅವರಿಗೂ ವರ್ಗಾ ಆತು, ಪಾಪ."

"ಅದನ್ನ ಹೇಳಾಕ ಹತ್ತಿದ್ದೆ ಮಾಮಾರ" ಎಂದ ಬಸು, ಅಳುವ ದನಿಯಲ್ಲಿ.

ಸೀರೆ ಉಡಲು ಮನೆಯಲ್ಲಿ ಬೇರೆ ಯಂತ್ರ ಬೇಕಾಗುವುದಿಲ್ಲ. ಯಾವ ಹೆಂಗಸೂ ಒಂದು ಮಗ್ಗಕ್ಕೆ ನಿಷ್ಠೆಯ ಪ್ರಮಾಣ ಮಾಡಿ ಇನ್ನೊಂದು ಮಗ್ಗಕ್ಕೆ ಶಾಪ ಹಾಕುವುದಿಲ್ಲ. ಪರಮಸತ್ಯಕ್ಕೂ ಒಂದು ಗಡಿ ಇರುತ್ತದೆಂದು ನಾಗಲಿಂಗನಿಗೆ ಯಾರೂ ಹೇಳಿರಲಿಲ್ಲ. (ಹೇಳಲು ಬಂದವನ ಬಾಯಿ ಅವನೇ ಮುಚ್ಚಿಸಿದ್ದ.)

ಬಸುವನ್ನು ಪಾರು ಮಾಡಿದ್ದು ಶೈಲಾ. ಖಾದರಬಾಷಾನ ಹೆಂಡತಿ ಹಜರತಬಿ ಇಳಕಲ್ಲಿನ ಅಂಗಡಿಯ ಹಳೆಯ ಗಿರಾಕಿ, ಶೈಲಾಳಿಗೆ ಗೆಳತಿ; ಬೆಳಗಾವಿಯಲ್ಲಿ ಹಜರತಬಿಯ ಅಣ್ಣನ ದೊಡ್ಡ ಅಂಗಡಿ. ಅಲ್ಲಿ ಬಿಳಿ ಡಬ್ಬಿಯವರು ಬೇಕಾದಷ್ಟು. ಇಬ್ಬರು ಹೆಂಗಸರು ಫೋನಿನಲ್ಲಿ ನಕ್ಕು ಮಾತಾಡಿ ಮುಗಿಸುವಷ್ಟರಲ್ಲಿ ಚಂದ್ರನ ಪಟಾಲಂ ಬೆಳಗಾವಿಗೆ ಕೂಚು ಮಾಡಿತು.

ವಾರ ಕಳೆದ ಮೇಲೆ ನಾಗಲಿಂಗ ಮೊಬೈಲಿನಲ್ಲಿ ಸುದ್ದಿಯೊಂದನ್ನು ಓದಿ ಚಪ್ಪಲಿಯನ್ನೂ ಮೆಟ್ಟದೆ ಅಂಗಡಿಗೆ ಓಡಿ ಬಂದ.

"ಶೈಲಾ! ಜಗತ್ತಿನಾಗೆಲ್ಲಾ ಬಿಳಿ ಡಬ್ಬಿ ಆಟನ ಮುಂದ ಐತಿ! ಅಮೇರಿಕಾದಾಗ, ಲಂಡನ್‌ದಾಗ, ಎಲ್ಲಾ ಕಡೆ! ನಾ ಅಂದಿದ್ದ ಖರೆ ಆತು. ಗೆದ್ದೆ!"

ಶೈಲಾ ಗಾದಿಯ ಮೇಲಿಂದ ಏಳಲಿಲ್ಲ. (ಶುಕ್ರವಾರದಿಂದಲೂ ಎದ್ದಿರಲಿಲ್ಲ.) "ಭಾಳ ಸಂತೋಷ. ಜಗತ್ತಿನ ಗಾದಿ ಮ್ಯಾಲ ನೀವು ಕೂಡ್ರಿ. ಇಳಕಲ್ಲಿಂದು ನನಗ ಸಾಕು."

ನಾಗಲಿಂಗ ಮೂಲೆಗೆ ಹೋಗಿ ಸೀರೆ ಮಡಿಚಲು ಕುಳಿತ. ಮನಸ್ಸು ಅದರಲ್ಲಿರಲಿಲ್ಲ. ಸೆರಗು ಒಂದು ಕಡೆ, ದಡಿ ಒಂದು ಕಡೆ ಹೋಯಿತು. ಈಗ ಬೈಯುತ್ತಾಳೆ ಎಂದು ಕಾದ. ನಿಜ ಹೇಳಬೇಕೆಂದರೆ ಆ ಶುಕ್ರವಾರದಿಂದ ಆಕೆ ಒಮ್ಮೆಯೂ ಬೈದಿರಲಿಲ್ಲ. ಗೊರಕೆಗೂ ಬೈದಿರಲಿಲ್ಲ. ಅಂದು ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿಯ ಸೀಟನ್ನೂ ಬಿಟ್ಟುಕೊಟ್ಟಿದ್ದಳು.

ಶೈಲಾ ಎದ್ದು ಬಂದು ಮಡಿಚಿದ ಸೀರೆಯನ್ನು ಕೈಯಲ್ಲಿ ಹಿಡಿದು ಬೆಳಕಿಗೆ ನೋಡಿದಳು.

"ಎಷ್ಟು ಚಂದ ಮಡಚೀರಿ!"

ನಾಗಲಿಂಗನ ಎದೆ ಧಸಕ್ಕೆಂದಿತು. "ಏ, ಸರ್ಯಾಗಿ ನೋಡು. ಸೊಟ್ಟ ಆಗೇತಿ."

"ಎಲ್ಲಿ ಸೊಟ್ಟ? ಏನ್ ಕೈ, ಏನ್ ಹದ! ನಿಮ್ಮಂಥ ಗಂಡ ಲಕ್ಷದಾಗ ಒಬ್ಬಾಂವ ನೋಡ್ರಿ."

"ಶೈಲಾ, ನಿನಗ ಕೈ ಮುಗಿತೇನಿ, ಒಂದ ಸಲ ಬೈಯಿ!"

ಆಕೆ ಬೈಯಲಿಲ್ಲ. ಕೈಚೀಲ ಹೆಗಲಿಗೆ ಹಾಕಿಕೊಂಡು, ನೇಕಾರರ ಓಣಿಗೆ ಖರೀದಿಗೆ ಹೊರಟಳು. ಹೊಸ್ತಿಲಲ್ಲಿ ನಿಂತು ತಿರುಗಿ, ಒಳ್ಳೆಯ ಗಿರಾಕಿಯ ಹಾಗೆ ಸಿಹಿಯಾಗಿ ನಕ್ಕಳು.

"ಮತ್ತ ಬರ್ತೀನ್ರಿ."

ನಾಗಲಿಂಗ ಎದ್ದು, ಅಂಗಡಿಯಲ್ಲಿ ನೆಟ್ಟಗೆ ಮಡಿಚಿಟ್ಟಿದ್ದ ಸೀರೆಗಳನ್ನೆಲ್ಲ ಒಂದೊಂದಾಗಿ ಕೆಳಗಿಳಿಸಿ, ಬಿಚ್ಚಿ, ಆಕೆ ಬರುವಷ್ಟರಲ್ಲಿ ಮುಗಿಯಬೇಕೆಂದು ಗಡಿಬಿಡಿಯಿಂದ ಸೊಟ್ಟಸೊಟ್ಟಗೆ ಮಡಿಚತೊಡಗಿದ.