ಮೂರನೆಯ ‘ಬೇಡ’

ಎಲ್ಲ ರಗಳೆಗೂ ಕಾರಣ ಒಂದು ಬಿರುಕು. ಅದೂ ಎಂಥ ಬಿರುಕು? ಕೂದಲೆಳೆಯಷ್ಟು ಸಪೂರ, ಒಂದು ಗೇಣು ಉದ್ದ. ಎರ್ಗಶ್ ಅಕಾನ ಅಂಗಳದ ತಂದೂರಿನ ಬಾಯಿಯ ಎಡಗಡೆ ಅದು ಕಾಣಿಸಿಕೊಂಡಿತ್ತು. ಬೆಳಿಗ್ಗೆ ಹಿಟ್ಟು ನಾದಿ ಬಂದ ಅವನ ಹೆಂಡತಿ ಸನೊಬರ್ ಅದನ್ನು ನೋಡಿ, ಇನ್ನೂ ಎರಡು ವರ್ಷಕ್ಕೆ ಮೋಸವಿಲ್ಲ ಅಂದುಕೊಂಡಳು. ಅಂದುಕೊಂಡು ಸುಮ್ಮನಿದ್ದರೆ ಆಗುತ್ತಿತ್ತು. ಗೋಡೆಯಾಚೆ ಗುಡಿಸುತ್ತಿದ್ದ ಖೋಸಿಯತ್ ಒಪಾಳಿಗೆ ಬಾಯಿಬಿಟ್ಟು ಹೇಳಿದಳು. (ನಮ್ಮಲ್ಲಿ ಅಣ್ಣನಿಗೆ ಅಕಾ, ಅಕ್ಕನಿಗೆ ಒಪಾ.)

ಖೋಸಿಯತ್ ಒಪಾ ಪೊರಕೆಯನ್ನು ಅಲ್ಲೇ ಬಿಸಾಕಿ ಓಡಿದಳು. ಅವಳು ನಮ್ಮ ಕುಂಬಾರ ಕೇರಿಯ ಸೇವಾ ಸಂಘದ ಕಾರ್ಯದರ್ಶಿ. ಸಂಘಕ್ಕೆ ಆ ದಿನ ಒಂದು ಬಿರುಕು ಎಷ್ಟು ಬೇಕಾಗಿತ್ತೆಂದರೆ, ಸಿಗದಿದ್ದರೆ ಅವಳೇ ಎಲ್ಲಾದರೂ ಒಂದನ್ನು ಹುಟ್ಟಿಸುತ್ತಿದ್ದಳು.

ನಮ್ಮ ರಿಶ್ತಾನ್ ಊರಿನಲ್ಲಿ ಸಂಘದ ವರ್ಷ ಮಾರ್ಚ್ ತಿಂಗಳ ಹೊಸ ವರ್ಷದ ಹಬ್ಬ ನವ್ರೂಜ್‌ನಿಂದ ಮುಂದಿನ ನವ್ರೂಜ್‌ಗೆ. ತಿಂಗಳಿಗೊಂದರಂತೆ ಹನ್ನೆರಡು ಸೇವೆ ಮುಗಿಸಿದ ಕೇರಿಗೆ ಬಹುಮಾನ ಸಮೊವಾರ್, ಚಹಾಕ್ಕೆ ನೀರು ಕಾಯಿಸುವ ದೊಡ್ಡ ತಾಮ್ರದ ಹಂಡೆ. ಮೂರು ವರ್ಷದಿಂದ ಅದು ಕಾಲುವೆಯಾಚೆ ಕೇರಿಯವರ ಚಹಾಖಾನೆಯಲ್ಲಿ ಕುಳಿತು ನಮ್ಮ ಹೊಟ್ಟೆ ಉರಿಸುತ್ತಿತ್ತು.

ಈ ವರ್ಷ ನಾವು ಬಿಡಲಿಲ್ಲ. ಏಪ್ರಿಲ್‌ನಲ್ಲಿ ಕಾಲುವೆಯ ಹೂಳು ತೆಗೆದೆವು, ಮೂರು ಗಾಡಿ ಕೆಸರು. ಮೇ ತಿಂಗಳಲ್ಲಿ ನಲವತ್ತು ಹಿಪ್ಪುನೇರಳೆ ಸಸಿ ನೆಟ್ಟೆವು. ಹನ್ನೊಂದನ್ನು ಕತ್ತೆ ತಿಂದಿತು, ಹನ್ನೊಂದನ್ನು ಮತ್ತೆ ನೆಟ್ಟೆವು. ಶಾಲೆಯ ಗೇಟಿಗೆ ಬಣ್ಣ ಬಳಿದೆವು. ಬಣ್ಣ ಒಣಗಿ ಗೇಟು ತೆರೆಯದೆ ಮಕ್ಕಳು ಎರಡು ದಿನ ಗೋಡೆ ಹಾರಿದರು, ಅದು ಬೇರೆ ವಿಷಯ. ದುತಾರ್ ಎಂಬ ತಂತಿವಾದ್ಯ ನುಡಿಸುವ, ಕಣ್ಣು ಕಾಣದ ಮೊಯ್ದೀನ್ ಬಾಬಾನ ಮಾಡು ಕಟ್ಟಿಕೊಟ್ಟೆವು. ಜನವರಿಯಲ್ಲಿ ಗ್ಯಾಸ್ ನಿಂತು ಕಾಲುವೆ ಹೆಪ್ಪುಗಟ್ಟಿದಾಗ ಹತ್ತೊಂಬತ್ತು ಮನೆಗೆ ಕಲ್ಲಿದ್ದಲು ಎಳೆದುಕೊಂಡು ಹೋದೆವು. ನಗುವವರು ನಗಲಿ. ಆ ಚಳಿಯಲ್ಲಿ ನಮ್ಮ ಕೇರಿಯ ಒಬ್ಬ ಮುದುಕನೂ ಹಲ್ಲು ಕಟಕಟಿಸಲಿಲ್ಲ. ಇಂಥದ್ದನ್ನು ಮಾಡಿದ ಕೇರಿ ಇನ್ನೊಂದಿದ್ದರೆ ತೋರಿಸಿ, ಆಮೇಲೆ ಮಾತಾಡೋಣ.

ಕೈಕೊಟ್ಟದ್ದು ಫೆಬ್ರವರಿ. ಸೇತುವೆಯ ಹಿಮ ತೆಗೆಯಲು ಇಪ್ಪತ್ತು ಜನ ಸಲಿಕೆ ಹೊತ್ತು ಹೋದರೆ, ಹಿಂದಿನ ದಿನದ ಬಿಸಿಲಿಗೆ ಅದು ಕರಗಿ ಹೋಗಿತ್ತು. ಹೀಗಾಗಿ ನವ್ರೂಜಿನ ಹಿಂದಿನ ದಿನ ನಮ್ಮದು ಹನ್ನೊಂದು. ಅದೇ ಹಿಮವನ್ನು ಆಚೆ ದಡದಿಂದ ತೆಗೆಯಲು ಬಂದಿದ್ದ ಆಚೆಯವರದ್ದೂ ಹನ್ನೊಂದು. ಹೊತ್ತು ಮುಳುಗುವುದರೊಳಗೆ ಯಾರು ಹನ್ನೆರಡು ಮುಟ್ಟಿಸುತ್ತಾರೋ ಅವರು ಗಂಡಸರು.

ಈಗ ಎರ್ಗಶ್ ಅಕಾನ ವಿಷಯ. ಐವತ್ಮೂರು ವರ್ಷದ ಬಡಗಿ. ರೊಟ್ಟಿಯ ನಡುವೆ ಹೂವಿನ ಗುರುತು ಒತ್ತುವ ಮರದ ಅಚ್ಚು ಕೆತ್ತುವುದರಲ್ಲಿ ಅವನಿಗೆ ಸಮನಿಲ್ಲ. ಮನೆಗೊಂದು ಅಚ್ಚು, ಅಚ್ಚಿಗೊಂದು ಹೂವು. ಒಂದು ಮನೆಯ ಹೂವನ್ನು ಇನ್ನೊಂದು ಮನೆಗೆ ಅವನು ಕೊಡುವುದಿಲ್ಲ. ಸಂಘದ ಹನ್ನೊಂದು ಕೆಲಸದಲ್ಲೂ ಅವನ ಕೈ ಇತ್ತು. ಆದರೆ ಹುಟ್ಟಿದಂದಿನಿಂದ ಒಬ್ಬರ ಮುಂದೆ ಕೈ ಚಾಚಿದವನಲ್ಲ. ಅದೇ ಅವನ ಹೆಮ್ಮೆ. ನಾಳೆ ಹಬ್ಬದ ಮೈದಾನದಲ್ಲಿ ವರ್ಷದ ಸೇವಕರ ಪಟ್ಟಿ ಓದುವಾಗ ಮೊದಲ ಹೆಸರು ಅವನದೇ ಎಂದು ಇಡೀ ಕೇರಿಗೆ ಗೊತ್ತಿತ್ತು. ಅದಕ್ಕಾಗಿ ಅವನು ಹೊಸ ಟೋಪಿ ಕೂಡ ತಂದಿಟ್ಟಿದ್ದ.

ಸಂಘದಲ್ಲಿ ಒಂದು ನಿಯಮವಿದೆ. ಸಹಾಯ ಪಡೆದವನ ಹೆಸರು ಆ ವರ್ಷ ಸಹಾಯ ಮಾಡಿದವರ ಪಟ್ಟಿಯಲ್ಲಿ ಇರಕೂಡದು. ಹಿಂದಿನ ವರ್ಷ ಅಧ್ಯಕ್ಷ ಮಮಸೊಲಿ ಅಕಾ ತನ್ನ ಮನೆಯ ಬಾಗಿಲನ್ನೇ ಸೇವೆಯೆಂದು ರಿಪೇರಿ ಮಾಡಿಸಿಕೊಂಡು ತನ್ನ ಹೆಸರನ್ನೇ ಮೊದಲು ಓದಿಸಿಕೊಂಡ ಮೇಲೆ ಬಂದ ನಿಯಮ ಅದು.

ಮಮಸೊಲಿ ಅಕಾ ನಿವೃತ್ತ ಡ್ರಿಲ್ ಮಾಸ್ತರ. ಶಾಲೆ ಬಿಟ್ಟರೂ ಸೀಟಿ ಬಿಟ್ಟಿರಲಿಲ್ಲ. ಎಂಟು ಗಂಟೆಗೆ ಸೀಟಿ ಊದುತ್ತ ಇಪ್ಪತ್ತು ಜನರೊಂದಿಗೆ ಎರ್ಗಶನ ಅಂಗಳಕ್ಕೆ ನುಗ್ಗಿದ.

"ಏನಯ್ಯಾ ಎರ್ಗಶ್, ತಂದೂರು ಬಿರುಕು ಬಿಟ್ಟಿದ್ಯಂತೆ?"

"ಬಿರುಕಲ್ಲ ಅಕಾ, ಗೆರೆ."

"ಎಲ್ಲಾ ಬಿರುಕೂ ಗೆರೆಯಾಗೇ ಹುಟ್ಟೋದು. ಸಂಜೆ ಬೀಗರು ಬರೋ ಮನೇಲಿ ಇದನ್ನ ಬಿಡಕ್ಕಾಗತ್ತಾ?"

ಬೀಗರು ಬರುವುದು ನಿಜ. ಎರ್ಗಶನ ಮಗಳು ದಿಲ್ಫೂಜಾಳ ಸಂಬಂಧ ಕುದುರಿ, ಅಂದು ಸಂಜೆ ರೊಟ್ಟಿ ಮುರಿಯುವ ಶಾಸ್ತ್ರ. ಹೆಣ್ಣಿನ ಮನೆಯ ತಂದೂರಿನ ರೊಟ್ಟಿಯನ್ನು ಎರಡೂ ಕಡೆಯ ಹಿರಿಯರು ಹಿಡಿದು ಮುರಿದರೆ ಮಾತು ಗಟ್ಟಿ. ಬೀಗ ಯಾರೆಂದರೆ ತೊಷ್‌ಪುಲತ್ ಅಕಾ, ಕಾಲುವೆಯಾಚೆಯ ಸಂಘದ ಅಧ್ಯಕ್ಷ. ಅವನ ಮುಂದೆ ಎರ್ಗಶನಿಗೆ ಒಂದು ಎಳೆಯಷ್ಟೂ ಹುಳುಕು ಕಾಣಬಾರದಾಗಿತ್ತು.

"ಬೇಡ ಅಕಾ," ಅಂದ ಎರ್ಗಶ್.

ನಮ್ಮ ಕಡೆ ಮೊದಲನೆಯ ‘ಬೇಡ’ ಮರ್ಯಾದೆಗೆ. ಎರಡನೆಯದು ಸಂಕೋಚಕ್ಕೆ. ಮೂರನೆಯದೊಂದೇ ನಿಜವಾದ ಬೇಡ. ಅದನ್ನು ಹೇಳಿಬಿಟ್ಟರೆ ಯಾರೂ ಒತ್ತಾಯ ಮಾಡುವುದಿಲ್ಲ.

"ಬೇಡ ಅಕಾ, ದೇವರಾಣೆ."

ಎರ್ಗಶ್ ಮೂರನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಮಮಸೊಲಿ ಸೀಟಿ ಊದಿದ. ಇಪ್ಪತ್ತು ಜನ ತೋಳು ಮಡಿಸಿದರು. ಖೋಸಿಯತ್ ಒಪಾ ದಫ್ತರ ತೆಗೆದು, ‘ಹನ್ನೆರಡನೆಯ ಸೇವೆ’ ಎಂದು ಬರೆದು ಕೆಳಗೆ ಗೆರೆ ಎಳೆದಳು. ಆ ಗೆರೆ ತಂದೂರಿನ ಬಿರುಕಿಗಿಂತ ದಪ್ಪವಿತ್ತು.

ಕೆಲಸದ ಯಜಮಾನಿಕೆ ಕುಂಬಾರ ಯೂಲ್ಚಿಯದು. ನಲವತ್ತು ವರ್ಷ ನೀಲಿ ತಟ್ಟೆ ಮಾಡಿದವನು. ತಂದೂರನ್ನು ಒಮ್ಮೆಯೂ ಮುಟ್ಟಿದವನಲ್ಲ.

"ಯೂಲ್ಚಿ ಅಕಾ, ನಿಮಗೆ ತಂದೂರು ಗೊತ್ತಾ?" ಎಂದು ಸನೊಬರ್ ಹೆದರುತ್ತ ಕೇಳಿದಳು.

"ತಂದೂರು ಅಂದ್ರೇನಮ್ಮ, ಆಳವಾದ ತಟ್ಟೆ," ಅಂದ ಯೂಲ್ಚಿ. ಅಂದು, ಸುತ್ತಿಗೆಯ ಹಿಂಬದಿಯಿಂದ ಬಿರುಕಿನ ಮೇಲೆ ಟಕ್ಕೆಂದು ತಟ್ಟಿದ. ಕೈಯಗಲದ ಚೂರು ಬಿತ್ತು.

"ನೋಡಿದ್ಯಾ? ಒಳಗೆ ಟೊಳ್ಳು."

"ತಂದೂರು ಒಳಗೆ ಟೊಳ್ಳೇ ಇರೋದು," ಅಂದ ಎರ್ಗಶ್.

"ಬಡಗಿಗೆ ಮಣ್ಣಿನ ವಿಷಯ ಯಾಕೆ? ನಾನು ನಿನ್ನ ಉಳಿ ಮುಟ್ತೀನಾ?"

ಬಿದ್ದ ಚೂರಿನ ಅಂಚು ಸರಿಯಿಲ್ಲವೆಂದು ಸುತ್ತ ಕೆತ್ತಿದರು. ಕೆತ್ತಿದ್ದು ಓರೆಯಾಯಿತೆಂದು ಇನ್ನೊಂದು ಬದಿಯನ್ನೂ ಕೆತ್ತಿದರು. ಹತ್ತು ಗಂಟೆಯ ಹೊತ್ತಿಗೆ ಎರ್ಗಶನ ತಂದೂರು ಹಲ್ಲುದುರಿದ ಮುದುಕಿಯ ಬಾಯಿಯಂತಾಗಿತ್ತು.

ಇಷ್ಟರಲ್ಲಿ ಸನೊಬರ್ ಬೀಗರಿಗೆಂದು ತೆಗೆದಿಟ್ಟಿದ್ದ ಅಕ್ಕಿ ಅಳೆಯುತ್ತಿದ್ದಳು. ಕೈಜೋಡಿಸಲು ಬಂದವರಿಗೆ ಪಲಾವ್ ಇಕ್ಕದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಇಪ್ಪತ್ತು ಜನ ಎಂದು ಕಡಾಯಿ ಇಟ್ಟಳು. ಪರಿಮಳ ಬೀದಿಗೆ ಹೋದ ಮೇಲೆ ಸಂಘದಲ್ಲಿ ಹೆಸರೇ ಇಲ್ಲದ ಹನ್ನೆರಡು ಜನ ಸೇವೆ ಮಾಡಲು ಬಂದರು.

ಮಧ್ಯಾಹ್ನ ಎಲ್ಲರೂ ಉಂಡರು. ಬೀಗರ ಕುರಿ ಹೋಯಿತು, ಬೀಗರ ಅಕ್ಕಿ ಹೋಯಿತು, ಬೀಗರ ಒಣದ್ರಾಕ್ಷಿ ಜೇಬಿಗೆ ಹೋಯಿತು. ಉಳಿದದ್ದು ಅರ್ಧ ಬುಟ್ಟಿ ಹಳದಿ ಗಜ್ಜರಿ.

"ಸೇವೆ ಅಂದ್ರೆ ಹೀಗಿರ್ಬೇಕು," ಎಂದು ಮಮಸೊಲಿ ಅಕಾ ಹೊಟ್ಟೆ ಸವರಿಕೊಂಡು ಎದ್ದ. ಎದ್ದವನು ತೂಕಡಿಕೆಯಲ್ಲಿ ತಂದೂರಿಗೆ ಒರಗಿದ.

ಅಧ್ಯಕ್ಷರು ನೂರು ಕಿಲೋ. ಹಲ್ಲುದುರಿದ ತಂದೂರು ಅದನ್ನು ತಾಳಲಿಲ್ಲ. ಮೊದಲು ಅದು ಕುಸಿಯಿತು, ಅದರ ಹಿಂದೆ ಕಟ್ಟೆ ಕುಸಿಯಿತು. ಕಟ್ಟೆಯ ಮೇಲೆ ಬಟ್ಟೆ ಮುಚ್ಚಿ ಉಬ್ಬಲು ಇಟ್ಟಿದ್ದ ಹಿಟ್ಟಿನ ಬೋಗುಣಿ ಮಣ್ಣಿನಡಿ ಹೋಯಿತು. ಧೂಳು ಇಳಿದಾಗ ಮಮಸೊಲಿ ಅಕಾ ಹಿಟ್ಟಿನ ನಡುವೆ, ರೊಟ್ಟಿಯ ಮೇಲೆ ಒತ್ತಿದ ಹೂವಿನ ಹಾಗೆ ಕುಳಿತಿದ್ದ.

ಯೂಲ್ಚಿ ಒಂದು ಚೂರನ್ನು ಎತ್ತಿ ತಿರುಗಿಸಿ ನೋಡಿದ. ನೋಡಿ ಹೇಳಿದ, "ನಾನು ಹೇಳಿರಲಿಲ್ವಾ, ಅದು ಗಟ್ಟಿ ಇರಲಿಲ್ಲ ಅಂತ."

"ಹೊಸಾದು ಕಟ್ಟೋಣ," ಅಂದ ಮಮಸೊಲಿ, ಹಿಟ್ಟು ಕೊಡವಿಕೊಳ್ಳುತ್ತ.

"ಕಟ್ಟಿ ಒಣಗಕ್ಕೆ ಒಂದು ವಾರ ಬೇಕು. ಬೀಗರು ಐದು ಗಂಟೆಗೆ ಬರ್ತಾರೆ," ಅಂದ ಎರ್ಗಶ್. ಅವನ ದನಿ ಬಾವಿಯೊಳಗಿಂದ ಬಂದಂತಿತ್ತು.

ಸನೊಬರ್ ಗಂಡನನ್ನು ಪಕ್ಕಕ್ಕೆ ಎಳೆದಳು. "ಹೊಸ ಹಿಟ್ಟು ನಾದಿ ಉಬ್ಬಿಸೋಕೆ ಹೊತ್ತಿಲ್ಲ. ಸೇತುವೆ ಹತ್ರ ಅಂಗಡೀಲಿ ಬಿಸಿ ರೊಟ್ಟಿ ಇರತ್ತೆ. ಎರಡು ತಂದುಬಿಡಿ. ರೊಟ್ಟಿಗೆ ಬಾಯಿದ್ಯಾ, ನಾನು ಎಲ್ಲಿ ಹುಟ್ಟಿದೆ ಅಂತ ಹೇಳಕ್ಕೆ?"

ಎರ್ಗಶ್ ಸೈಕಲ್ ಹತ್ತಿದ. ತಂದೂರನ್ನು ಹಿಡಿಯಲು ಹೋಗಿ ಅವನ ಎರಡೂ ಕೈ ಮೊಣಕೈವರೆಗೆ ಮಣ್ಣಾಗಿತ್ತು. ಅಂಗಡಿಯವನು ಅದನ್ನು ನೋಡಿ, "ಮುಟ್ಬೇಡಿ ಅಕಾ, ನಾನೇ ಕಟ್ಟಿಕೊಡ್ತೀನಿ," ಎಂದು ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ಗಂಟುಹಾಕಿದ. "ನಿಮ್ಮ ಅದೃಷ್ಟ. ಎರಡೇ ಉಳಿದಿದ್ವು. ಆಯಮ್ಮ ಸಂಜೆ ಎಲ್ಲೋ ಹೋಗೋರಂತೆ, ಬೇಗ ಸುಟ್ಟು ಕಳಿಸಿದ್ರು."

ಯಾವ ಆಯಮ್ಮ ಎಂದು ಕೇಳುವ ಸ್ಥಿತಿಯಲ್ಲಿ ಎರ್ಗಶ್ ಇರಲಿಲ್ಲ.

ಐದಕ್ಕೆ ಸರಿಯಾಗಿ ತೊಷ್‌ಪುಲತ್ ಅಕಾ, ಅವನ ಹೆಂಡತಿ, ಅವಳ ಹಿಂದೆ ನಾಲ್ಕು ಜನ ಬಂದರು. ಅವರನ್ನು ಬೀದಿಯ ಬಾಗಿಲಿನಿಂದಲೇ ಒಳಗೆ ಕರೆದು ಕೂರಿಸಿದರು; ಅಂಗಳದ ಕಡೆಯ ಕಿಟಕಿಗೆ ಕಂಬಳಿ ಕಟ್ಟಿತ್ತು. ಮಮಸೊಲಿ, ಯೂಲ್ಚಿ, ಖೋಸಿಯತ್ ಒಪಾ ಹುಡುಗಿಯ ಕಡೆಯ ಹಿರಿಯರಾಗಿ ಮುಖ ತೊಳೆದು ಕುಳಿತಿದ್ದರು. ಸಾರಿನ ಬಟ್ಟಲು ಬಂತು, ಅದರಲ್ಲಿ ಗಜ್ಜರಿ. ಪಲ್ಯ ಬಂತು, ಗಜ್ಜರಿ. ಬೀಗಿತ್ತಿ ಮೂರನೆಯ ತಟ್ಟೆಯನ್ನೂ ನೋಡಿ ಗಂಡನ ಮುಖ ನೋಡಿದಳು.

"ಕಣ್ಣಿಗೆ ಒಳ್ಳೇದು," ಅಂದಳು ಖೋಸಿಯತ್ ಒಪಾ.

ಸನೊಬರ್ ಗಂಟನ್ನು ತಂದು ನಡುವೆ ಇಟ್ಟು ಬಿಚ್ಚಿದಳು. ಎರ್ಗಶ್ ರೊಟ್ಟಿಯ ನಡುವಿನ ಹೂವು ನೋಡಿದ. ದಾಳಿಂಬೆ ಹೂವು, ಏಳು ಎಸಳು, ಸುತ್ತ ಒಂಬತ್ತು ಚುಕ್ಕಿ. ಆ ಅಚ್ಚು ಜಗತ್ತಿನಲ್ಲಿ ಇದ್ದದ್ದು ಒಂದೇ ಒಂದು. ಕೆತ್ತಿದವನು ಅವನೇ. ಕೊಟ್ಟದ್ದು ಹಿಂದಿನ ಶರತ್ಕಾಲದಲ್ಲಿ, ಸಂಬಂಧ ಕೇಳಲು ಬಂದ ಬೀಗಿತ್ತಿಯ ಕೈಗೆ, ಉಡುಗೊರೆಯಾಗಿ.

ಬೀಗಿತ್ತಿ ಬಗ್ಗಿ ನೋಡಿದಳು. ಆಮೇಲೆ ರೊಟ್ಟಿಯನ್ನು ತಿರುಗಿಸಿ ತಳ ನೋಡಿದಳು.

"ಇದು ನಾನು ಸುಟ್ಟಿದ್ದು," ಅಂದಳು.

ಮಮಸೊಲಿ ಸೀಟಿಗೆ ಕೈಹಾಕಿ, ಊದುವುದು ಯಾಕೆಂದು ತಿಳಿಯದೆ ಬಿಟ್ಟ. ತೊಷ್‌ಪುಲತ್ ಎದ್ದುಹೋಗಿ ಕಂಬಳಿ ಸರಿಸಿದ. ತಂದೂರು ಇದ್ದ ಕಡೆ ಗುಂಡಿ, ಗುಂಡಿಯಲ್ಲಿ ಹಿಟ್ಟು, ಹಿಟ್ಟಿನಲ್ಲಿ ಅಧ್ಯಕ್ಷರ ಆಕಾರ.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಎರ್ಗಶ್ ತಲೆ ತಗ್ಗಿಸಿ ಹೇಳಿದ, "ಬೀಗರೇ, ತಂದೂರು ಬಿತ್ತು. ಕೊಂಡು ತಂದ್ವಿ. ನಿಮಗೆ ಬೇಡ ಅನ್ನಿಸಿದ್ರೆ ರೊಟ್ಟಿ ಮುರೀಬೇಡಿ. ಹುಡುಗೀದು ಏನೂ ತಪ್ಪಿಲ್ಲ."

ತೊಷ್‌ಪುಲತ್ ಬಹಳ ಹೊತ್ತು ಗುಂಡಿಯನ್ನು ನೋಡಿದ. ಅವನ ಕಣ್ಣಲ್ಲಿ ನೀರು ಬಂತು. ಸನೊಬರ್ ಅದನ್ನು ದುಃಖ ಅಂದುಕೊಂಡಳು.

"ಒಲೆಯಿಲ್ಲದ ಮನೆ," ಅಂದ ಅವನು ಮೆಲ್ಲಗೆ. "ಬೀಗರಿಗೆ ಇಕ್ಕಕ್ಕೆ ಗಜ್ಜರಿ ಬಿಟ್ಟು ಬೇರೆ ಗತಿಯಿಲ್ಲ. ಬೆಳಗಿಂದ ನನ್ನ ಜನ ಊರೆಲ್ಲಾ ಹುಡುಕ್ತಿದ್ರು, ಇಂಥ ಒಂದು ಮನೆ ಸಿಗಲಿಲ್ಲ. ಹೊತ್ತು ಮುಳುಗಕ್ಕೆ ಇನ್ನೂ ಒಂದು ಗಂಟೆ ಇದೆ, ಅಲ್ವಾ?"

ಅವನು ಜೇಬಿನಿಂದ ಫೋನು ತೆಗೆದ. "ಮೂವತ್ತು ಜನ. ಮಣ್ಣು, ಅದಕ್ಕೆ ಬೆರೆಸೋಕೆ ಕುರಿ ಉಣ್ಣೆ, ಇಟ್ಟಿಗೆ. ಓಡಿ ಬನ್ನಿ."

"ಬೇಡ ಬೀಗರೇ," ಅಂದ ಎರ್ಗಶ್.

"ಛೇ, ನಮ್ಮೋರಲ್ವಾ ನೀವು."

"ಬೇಡ, ನಿಜವಾಗ್ಲೂ."

ಮೂರನೆಯದು ನಾಲಿಗೆಯ ತುದಿಗೆ ಬಂದಿತ್ತು. ತೊಷ್‌ಪುಲತ್ ರೊಟ್ಟಿಯ ಒಂದು ಅಂಚು ಹಿಡಿದು, ಇನ್ನೊಂದನ್ನು ಮಮಸೊಲಿಯ ಕೈಗಿತ್ತು ಚಟ್ಟೆಂದು ಮುರಿದು, ಎರಡೂ ಕೈಯಿಂದ ಮುಖ ಸವರಿ "ಆಮೀನ್" ಅಂದ. ಆಮೀನ್ ಆದ ಮೇಲೆ ಬೇಡ ಅನ್ನುವಂತಿಲ್ಲ. ಅಂದರೆ ಅದು ಮದುವೆಗೇ ಬೇಡ ಅಂದಂತೆ.

"ನಿಲ್ರಿ," ಎಂದು ಮಮಸೊಲಿ ಎದ್ದ. "ಈ ತಂದೂರು ನಮ್ಮ ಕೇರೀದು. ಕೆಡವಿದ್ದು ನಾವು, ಕಟ್ಟೋರೂ ನಾವೇ."

"ಕೆಡವಿದ್ದನ್ನ ಸೇವೆ ಅಂತ ಬರ್ಕೊಂಡಿದೀರಾ?"

"ನೀವು ನಮ್ಮ ಅಂಗಳಕ್ಕೆ ಬಂದು ಸೇವೆ ಕದೀತೀರಾ?"

ಸಂಬಂಧ ಮುರಿಯುವ ಮೊದಲು ಖೋಸಿಯತ್ ಒಪಾ ದಾರಿ ಹೇಳಿದಳು: ಅಂಗಳದ ಬಾಗಿಲ ಎಡಕ್ಕೆ ಒಂದು, ಬಲಕ್ಕೆ ಒಂದು. ಹೊತ್ತು ಮುಳುಗುವ ಮೊದಲು ಅಂಗಳದಲ್ಲಿ ಎರಡು ಹಸಿ ತಂದೂರು ಎದ್ದವು, ಒಂದನ್ನೊಂದು ದುರುಗುಟ್ಟಿ ನೋಡುತ್ತ. ಆಮೇಲೆ ಮಮಸೊಲಿ, ತೊಷ್‌ಪುಲತ್ ಇಬ್ಬರೂ ಕೈ ತೊಳೆದು ಸನೊಬರಳ ಕಡಾಯಿಯ ಕಡೆ ನೋಡಿದರು. ಐವತ್ತು ಜನ ಕೈಜೋಡಿಸಿದ್ದರು; ಅವರಿಗೆ ಇಕ್ಕಲು ಎರ್ಗಶ್ ಮಗಳ ಮದುವೆಗೆಂದು ಸಾಕಿದ್ದ ಎರಡನೆಯ ಕುರಿಯನ್ನು ಕೊಟ್ಟಿಗೆಯಿಂದ ತಂದ.

ಮರುದಿನ ಮೈದಾನದಲ್ಲಿ ಇಡೀ ರಿಶ್ತಾನ್ ಸೇರಿತ್ತು. ಎರಡು ಕೇರಿಯೂ ಹನ್ನೆರಡು ಮುಟ್ಟಿದ್ದರಿಂದ ಸಮೊವಾರ್ ಆರು ತಿಂಗಳು ನಮಗೆ, ಆರು ತಿಂಗಳು ಅವರಿಗೆ. ಮೊದಲ ಆರು ತಿಂಗಳು ನಮಗೆ, ಅದನ್ನು ಮರೆಯಬಾರದು. ಎರ್ಗಶ್ ಹೊಸ ಟೋಪಿ ಹಾಕಿ ಮುಂದಿನ ಸಾಲಿನಲ್ಲಿ ಕುಳಿತಿದ್ದ. ಖೋಸಿಯತ್ ಒಪಾ ದಫ್ತರ ತೆರೆದು ಸೇವಕರ ಪಟ್ಟಿ ಓದಿದಳು. ಮೊದಲ ಹೆಸರು ಮಮಸೊಲಿ. ಎರಡನೆಯದು ಯೂಲ್ಚಿ. ಹನ್ನೊಂದು ಸೇವೆಯ ಪಟ್ಟಿಯೂ ಮುಗಿಯಿತು. ಎರ್ಗಶನ ಹೆಸರು ಎಲ್ಲಿಯೂ ಇಲ್ಲ. ನಿಯಮ ನಿಯಮವೇ.

ಆಮೇಲೆ ಬಂತು. "ಹನ್ನೆರಡನೆಯದು. ಒಲೆ ಕುಸಿದು ದಿಕ್ಕು ಕಾಣದೆ ಕೂತಿದ್ದ ಎರ್ಗಶ್ ಕುಟುಂಬಕ್ಕೆ ನೆರವು." ಚಪ್ಪಾಳೆ. ಹಿಂದೆಯೇ ಕಾಲುವೆಯಾಚೆಯವರ ಕಾರ್ಯದರ್ಶಿ ಎದ್ದು ಅದೇ ಹೆಸರನ್ನು ಇನ್ನೂ ಗಟ್ಟಿಯಾಗಿ ಓದಿದ. ಇನ್ನೂ ದೊಡ್ಡ ಚಪ್ಪಾಳೆ. ಎರ್ಗಶನೇ ಮಾಡಿಗೆ ತೊಲೆ ಕೂರಿಸಿಕೊಟ್ಟಿದ್ದ ಮೊಯ್ದೀನ್ ಬಾಬಾ ತಡವುತ್ತ ಬಂದು, ತನ್ನ ಕೊರಳಿನ ಉಣ್ಣೆಯ ಬಟ್ಟೆ ಬಿಚ್ಚಿ ಅವನಿಗೆ ಸುತ್ತಿದ. "ಕೇಳೋಕೆ ನಾಚ್ಕೋಬೇಡ ಮಗಾ," ಅಂದ.

ಎಂಟು ದಿನದ ಮೇಲೆ ತಂದೂರುಗಳು ಒಣಗಿದವು. ಎರ್ಗಶ್ ಬೆಳಿಗ್ಗೆ ಎದ್ದು ನೋಡಿದರೆ ಬಲಗಡೆಯದರ ಬಾಯಿಯ ಹತ್ತಿರ ಕೂದಲೆಳೆಯಷ್ಟು ಒಂದು ಗೆರೆ. ಅವನು ಎರಡೂ ಕಡೆ ನೋಡಿ, ಒಂದು ಖಾಲಿ ಚೀಲ ತಂದು ಅದರ ಮೇಲೆ ಹೊದಿಸಿದ.

ಗೋಡೆಯಾಚೆ ಪೊರಕೆಯ ಸದ್ದು ನಿಂತಿತು.

"ಏನದು ಎರ್ಗಶ್ ಅಕಾ, ಮುಚ್ತಾ ಇರೋದು?"

"ಬೇಡ ಬೇಡ ಬೇಡ," ಅಂದ ಎರ್ಗಶ್, ಮೂರನ್ನೂ ಒಂದೇ ಉಸಿರಿಗೆ.

ಆದರೆ ಖೋಸಿಯತ್ ಒಪಾ ಎರಡನೆಯ ‘ಬೇಡ’ಕ್ಕೇ ಓಡಿಯಾಗಿತ್ತು. ಹೊಸ ವರ್ಷದ ದಫ್ತರದಲ್ಲಿ ಮೊದಲ ಪುಟ ಇನ್ನೂ ಖಾಲಿಯಿತ್ತು.